ಒಂದಡಿ ಎತ್ತರದ ಅತ್ತಿಗೆ

"ಬೀರುವಿನ ಕೀಲಿಕೈ ಕೊಡಿ," ಎಂದರು ತನಿಖಾಧಿಕಾರಿ. ಅವರಿನ್ನೂ ಹೊಸ್ತಿಲು ದಾಟಿರಲಿಲ್ಲ.

"ಯಾವ ಬೀರು ಮೇಡಂ?"

"ಹೆಂಡತಿಗೂ ತೋರಿಸದ ಸಾಮಾನು ಯಾವುದರಲ್ಲಿ ಇಡ್ತೀರೋ, ಅದು."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಥಟ್ಟನೆ ನಿಂತಿತು. ಸೂಜಿಗೆ ಕಿವಿಯವರೆಗೂ ಬಿಸಿ ಏರಿತು. ಹದಿನಾರು ವರ್ಷಗಳಿಂದ ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯುತ್ತಿದ್ದವನನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿದ್ದ ಹೆಸರು ಅವನಿಗೇ ಮರೆತಂತಾಗಿತ್ತು.

ಅವನ ಅತ್ತಿಗೆ ಕಾಣೆಯಾಗಿ ಆ ಭಾನುವಾರಕ್ಕೆ ಐದು ದಿನ. ಜನ ಬಸ್ಸಿನಲ್ಲಿ ಮರೆತು ಬಿಟ್ಟುಹೋದ ಸಾಮಾನುಗಳನ್ನೆಲ್ಲ ಇಡುವ ಕೋಣೆಯೊಂದು ಡಿಪೋದಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅತ್ತಿಗೆ. ಮಂಗಳವಾರ ಸಂಜೆ ಕೋಣೆಗೆ ಬೀಗ ಹಾಕಿ ಹೊರಟವರು ತಮ್ಮ ಮನೆ ಸೇರಿರಲಿಲ್ಲ.

ತನಿಖಾಧಿಕಾರಿ ಕೈಚೀಲದಿಂದ ಒಂದು ಫೋಟೋ ತೆಗೆದು ಅವನ ಮುಂದೆ ಹಿಡಿದರು. ಅದನ್ನು ಅವನು ನೋಡಬೇಕಾಗಿಯೇ ಇರಲಿಲ್ಲ.

"ಈ ಪುಟಾಣಿ ಕುರ್ಚಿಗೆ ಹಾಕಿರೋ ರೆಕ್ಸಿನ್ ನೋಡಿ. ನೀಲಿ ಮೇಲೆ ಹಳದಿ ಚುಕ್ಕಿ. ಈ ರೆಕ್ಸಿನ್ ಹಾಕಿದ ಬಸ್ಸು ಈಗ ಒಂದೂ ಓಡ್ತಿಲ್ಲ. ಉಳಿದ ತುಂಡು ಎಲ್ಲಿದೆ ಅಂತ ನಿಮ್ಮ ಸ್ಟೋರಿನಲ್ಲಿ ಕೇಳಿದೆ. ‘ಸೂಜಿ ಹತ್ರ ಇರ್ಬೇಕು’ ಅಂದ್ರು."

ಸೂಜಿ ಗುಂಡಿಗಳ ಡಬ್ಬಿಯ ತಳದಿಂದ ಕೀಲಿಕೈ ತೆಗೆದುಕೊಟ್ಟ.

ತನಿಖಾಧಿಕಾರಿ ಬೀರು ತೆರೆದರು. ಒಳಗೆ ಇಡೀ ಡಿಪೋ ಇತ್ತು. ಒಂದಡಿ ಎತ್ತರದ ಮ್ಯಾನೇಜರ್, ಹತ್ತಿ ತುಂಬಿದ ಹೊಟ್ಟೆಯ ಮೇಲೆ ಬೆಲ್ಟು ಬಿಗಿದುಕೊಂಡು ನಿಂತಿದ್ದರು. ಬಾಯಿ ತೆರೆದು ಗೊರಕೆ ಹೊಡೆಯುವ ಡ್ರೈವರ್ ಇದ್ದ. ಟೈಮ್ ಕೀಪರ್ ಇದ್ದ. ಅವನ ಕೊರಳಲ್ಲಿ ಗೋಡೆ ಗಡಿಯಾರವೊಂದು ತೂಗುತ್ತಿತ್ತು. ಒಬ್ಬೊಬ್ಬರ ಮೊಣಕೈ, ಮೊಣಕಾಲು, ಬೆರಳ ಗೆಣ್ಣುಗಳೂ ಬಾಗುತ್ತಿದ್ದವು.

"ಎಲ್ಲಾ ನೀವೇ ಮಾಡಿದ್ದಾ?"

"ಮೈ ಮಾತ್ರ ಅಂಗಡಿದು ಮೇಡಂ. ಸೈನಿಕರ ಬೊಂಬೆ ಸಿಗತ್ತೆ. ನಿಜವಾದ ಮನುಷ್ಯನ ಆರನೇ ಒಂದು ಅಳತೆ. ಅದರ ಬಟ್ಟೆ, ಬಂದೂಕು ತೆಗೆದು, ಮುಖ ಉಜ್ಜಿ, ಅದರ ಮೇಲೆ ಪುಟ್ಟಿ ಕಲಸಿ ಹೊಸ ಮುಖ ಕೂರಿಸ್ತೀನಿ. ಬಟ್ಟೆ ನಾನೇ ಹೊಲಿತೀನಿ."

"ಆಮೇಲೆ ಅವರನ್ನ ಮಂಗ ಮಾಡ್ತೀರಿ."

ಸೂಜಿ ತಲೆ ತಗ್ಗಿಸಿದ.

‘ಡಿಪೋ ದರ್ಬಾರು’ ಎಂಬ ಪೇಜ್ ಶುರುವಾಗಿ ಎರಡು ವರ್ಷವಾಗಿತ್ತು. ಅದರ ಹಿಂದೆ ಯಾರಿದ್ದಾರೆಂದು ಯಾರಿಗೂ ತಿಳಿದಿರಲಿಲ್ಲ. ಮೊದಲ ಫೋಟೋದಲ್ಲಿ ಮ್ಯಾನೇಜರ್ ಬಸ್ ತೊಳೆಯುವ ಬ್ರಷ್ಷಿನಿಂದ ಬೆನ್ನುಜ್ಜಿಕೊಳ್ಳುತ್ತಿದ್ದರು. ಟೈಮ್ ಕೀಪರ್ ಅದನ್ನು ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿದ್ದ. ಅವನನ್ನು ಡಿಪೋದಲ್ಲಿ ‘ಗಂಟೆ’ ಎನ್ನುತ್ತಿದ್ದರು. ಅವನು ನಕ್ಕರೆ ವರ್ಕ್‌ಶಾಪಿನ ಕೊನೆಯವರೆಗೂ ಕೇಳಿಸುತ್ತಿತ್ತು. ಯಾರೊಡನೆಯೂ ಹೆಚ್ಚು ಬೆರೆಯದ ಸೂಜಿ, ಗುಂಪಿನ ಹಿಂದೆ ನಿಂತು ಆ ನಗು ಕೇಳಿ ಹಿಗ್ಗಿ ಹೋಗಿದ್ದ.

ಆರು ತಿಂಗಳ ನಂತರ ಅವನು ಅತ್ತಿಗೆಯ ಬೊಂಬೆ ಮಾಡಿದ. ಅದಕ್ಕೆ ಬಂದಷ್ಟು ನಗು ಅಲ್ಲಿಯವರೆಗೆ ಯಾವುದಕ್ಕೂ ಬಂದಿರಲಿಲ್ಲ.

"ಅವರನ್ನ ತೆಗೀರಿ," ಎಂದರು ತನಿಖಾಧಿಕಾರಿ.

ಕೆಳಗಿನ ಅರೆಯಿಂದ ಕರವಸ್ತ್ರದಲ್ಲಿ ಸುತ್ತಿದ್ದ ಬೊಂಬೆಯನ್ನು ಸೂಜಿ ಹೊರತೆಗೆದ. ಗುಂಡು ಮುಖ, ಮೂಗಿನ ತುದಿಗೆ ಜಾರಿದ ಕನ್ನಡಕ, ಬಿಗಿದ ತುಟಿ, ಬೂದು ಬಣ್ಣದ ಸ್ವೆಟರು. ಹೋಲಿಕೆ ಎಷ್ಟಿತ್ತೆಂದರೆ, ಐದು ದಿನಗಳಿಂದ ಅವನು ಆ ಅರೆಯತ್ತ ಕಣ್ಣು ಹಾಯಿಸಿರಲಿಲ್ಲ. ಭುಜ ಮಾತ್ರ ಸೈನಿಕನದೇ ಉಳಿದಿತ್ತು. ಬಂದೂಕು ಹಿಡಿಯಲೆಂದು ಬಾಗಿದ್ದ ಬಲಗೈ ತೋರುಬೆರಳನ್ನು ಅವನು ಹಾಗೇ ಬಿಟ್ಟಿದ್ದ. ಆ ಕೈಗೆ ಛತ್ರಿ ಕೊಟ್ಟರೂ ಬಂದೂಕಿನಂತೆ ಕಾಣುತ್ತಿತ್ತು, ಅದೇ ಅರ್ಧ ತಮಾಷೆ.

"ಇವರು ನಿಮಗೆ ಏನಾಗಬೇಕು, ಇನ್ನೊಂದ್ಸಲ ಹೇಳಿ."

"ಅಣ್ಣನ ಹೆಂಡತಿ. ಅಣ್ಣ ಹೋದಾಗ ನನಗೆ ಹನ್ನೊಂದು ವರ್ಷ. ಆಮೇಲೆ ಸಾಕಿದ್ದೆಲ್ಲ ಅವರೇ."

"ಹೊಲಿಗೆ?"

"ಅವರೇ ಕಲಿಸಿದ್ದು."

"ಡಿಪೋ ಕೆಲಸ?"

"ಅವರೇ ಮ್ಯಾನೇಜರ್ ಹತ್ರ ಮಾತಾಡಿ ಕೊಡಿಸಿದ್ದು."

"ಈ ಸ್ವೆಟರಿನ ಬಟ್ಟೆ ಎಲ್ಲಿಂದ ಬಂತು? ಇಷ್ಟು ಸಣ್ಣ ನೂಲಿನ ಹೆಣಿಗೆ ಅಂಗಡೀಲಿ ಸಿಗಲ್ಲ."

"ನನ್ನ ಹಳೇ ಸ್ವೆಟರು. ಶಾಲೆಗೆ ಹೋಗೋವಾಗ ಅವರು ಹೆಣೆದುಕೊಟ್ಟಿದ್ದು. ಅದರ ತೋಳು ಕತ್ತರಿಸಿದೆ."

ತನಿಖಾಧಿಕಾರಿ ಬೊಂಬೆಯ ತೋಳನ್ನು ಬೆರಳಿನಿಂದ ಸವರಿ ನೋಡಿದರು. ಬೈದಿದ್ದರೆ ವಾಸಿ ಅನ್ನಿಸಿತು ಅವನಿಗೆ.

"ಇದನ್ನೆಲ್ಲ ಮಾಡೋದು ನೀವೇ ಅಂತ ಅವರಿಗೆ ಗೊತ್ತಿತ್ತಾ?"

"ಇಲ್ಲ ಮೇಡಂ."

"ಅಷ್ಟು ಖಾತ್ರಿಯಾಗಿ ಹೇಳ್ತೀರಾ?"

"ಗೊತ್ತಿದ್ರೆ ದಿನಾ ನನ್ನ ಕರೆದು ಕೂರಿಸ್ಕೊಂಡು ಚಹಾ ಕೊಡ್ತಿದ್ರಾ? ಅವರ ಕೋಣೇಲಿ ಕೂತು ಚಹಾ ಕುಡೀತಾ ನಾನು..." ಅವನು ಮಾತು ನುಂಗಿಕೊಂಡ. ಚಹಾ ಕುಡಿಯುತ್ತ ಅವನು ಅವರ ಕೋಣೆಯನ್ನು ಕಣ್ಣಿನಲ್ಲೇ ಅಳೆಯುತ್ತಿದ್ದ. ಒಂಟಿ ಚಪ್ಪಲಿಗಳನ್ನು ಅವರು ಜೋಡಿಸುವ ರೀತಿ, ಯಾರೋ ಮರೆತ ಹಲ್ಲಿನ ಸೆಟ್ಟನ್ನು ತೊಳೆದು ಒಣಗಿಸುವ ರೀತಿ, ಎಲ್ಲವೂ ವಾರದೊಳಗೆ ಫೋಟೋ ಆಗುತ್ತಿತ್ತು. ಹಲ್ಲಿನ ಸೆಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಒಂದಡಿ ಎತ್ತರದ ಅತ್ತಿಗೆ ಹಾಜರಿ ಕೂಗುತ್ತಿದ್ದ ಫೋಟೋವನ್ನು ಸಾವಿರಾರು ಜನ ನೋಡಿದ್ದರು.

"ಕೊನೇ ಫೋಟೋ," ಎಂದು ತನಿಖಾಧಿಕಾರಿ ತಮ್ಮ ಕೈಲಿದ್ದುದನ್ನು ಮೇಜಿನ ಮೇಲಿಟ್ಟರು. "ಒಂಬತ್ತು ದಿನದ ಹಿಂದೆ, ಶುಕ್ರವಾರ ಹಾಕಿದ್ದು. ಇದನ್ನ ಹಾಗೇ ಮತ್ತೆ ಕಟ್ಟಿ ತೋರಿಸಿ. ಒಂದು ಕಡ್ಡಿನೂ ಆಚೀಚೆ ಆಗಬಾರದು."

"ಈಗಲಾ?"

"ಈಗಲೇ. ಹಿಂದಿನ ಸಾಮಾನು ಫೋಟೋದಲ್ಲಿ ಮಸುಕಾಗಿದೆ. ನನಗೆ ಅದು ಬೇಕು."

ಎಷ್ಟೋ ಭಾನುವಾರ ಅವನು ಈ ಕೆಲಸವನ್ನು ಬಾಗಿಲು ಹಾಕಿಕೊಂಡು, ತನ್ನಷ್ಟಕ್ಕೆ ನಗುತ್ತ ಮಾಡಿದ್ದ. ಇಂದು ಬಾಗಿಲು ತೆರೆದೇ ಇತ್ತು. ರಟ್ಟಿನ ಗೋಡೆ ನಿಲ್ಲಿಸಿದ. ಮೂರು ಅರೆಗಳ ಕಪಾಟು ಇಟ್ಟ. ಅದರಲ್ಲಿ ಬೆರಳುದ್ದದ ಛತ್ರಿಗಳು, ಉಗುರಿನಷ್ಟು ದೊಡ್ಡ ಟೋಪಿಗಳು. ನೀಲಿ ಕುರ್ಚಿಯ ಮೇಲೆ ಅತ್ತಿಗೆಯನ್ನು ನ್ಯಾಯಾಧೀಶರಂತೆ ಕೂರಿಸಿದ. ತಲೆಗೆ ಬಿಳಿ ಹತ್ತಿಯ ಟೋಪನ್ ಇಟ್ಟ. ಕೈಯೆತ್ತಿ, ಆ ಬಂದೂಕಿನ ಬೆರಳನ್ನು ಮುಂದಕ್ಕೆ ಚಾಚಿಸಿದ.

ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

"ಆಪಾದಿತರನ್ನ ನಿಲ್ಲಿಸಿ," ಎಂದರು ತನಿಖಾಧಿಕಾರಿ.

ಅವನು ಪುಟ್ಟ ಚೀಲಗಳನ್ನು ಸಾಲಾಗಿ ನಿಲ್ಲಿಸಿದ. ಶಾಲೆಯ ಚೀಲ, ಸಂತೆ ಚೀಲ, ಸೂಟ್‌ಕೇಸು. ಎಲ್ಲಕ್ಕಿಂತ ಮುಂದೆ ಒಂದು ಕಂದು ಚರ್ಮದ ಚೀಲ.

ಫೋಟೋದ ಕೆಳಗೆ ಅವನೇ ಬರೆದ ಸಾಲಿತ್ತು: ‘ನಿನ್ನ ಯಜಮಾನ ಎಲ್ಲಿ? ಬಾಯಿ ಬಿಡು!’

ತನಿಖಾಧಿಕಾರಿ ಕಂದು ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಕಿಟಕಿಯ ಬಳಿ ಹೋಗಿ ಭೂತಗನ್ನಡಿ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು.

"ಈ ಬಕಲ್ ಮುರಿದಿದೆ. ಅದರ ಜಾಗದಲ್ಲಿ ತಂತಿ ಸುತ್ತಿದೆ. ಇದು ನಿಮ್ಮ ಕಲ್ಪನೆನಾ?"

"ಇಲ್ಲ ಮೇಡಂ. ನಿಜವಾದ ಚೀಲದಲ್ಲಿ ಹಾಗೇ ಇತ್ತು. ಇದ್ದ ಹಾಗೇ ಮಾಡೋದು ನನ್ನ ಅಭ್ಯಾಸ."

"ಈ ಚೀಟಿ? ಇನ್ನೂರ ಹದಿನಾಲ್ಕು?"

"ಅದೂ ಹಾಗೇ ಇತ್ತು."

ಅವರು ಹಿಂತಿರುಗಿ ಬಂದು ಅವನ ಎದುರು ಕುಳಿತರು. "ಇಪ್ಪತ್ತು ದಿನದ ಹಿಂದೆ ಬಸ್ಸಿನ ಹಿಂದಿನ ಸೀಟಲ್ಲಿ ಗಡಿಯಾರ ರಿಪೇರಿ ಮಾಡೋ ಮುದುಕರೊಬ್ಬರು ಸತ್ತಿದ್ರಲ್ಲ, ನೆನಪಿದೆಯಾ?"

"ಇದೆ. ಹೃದಯಾಘಾತ ಅಂದ್ರು."

"ವಿಷ. ಹೊರಗೆ ಇನ್ನೂ ಹೇಳಿಲ್ಲ. ಅವರ ಚೀಲ ಇವತ್ತಿನವರೆಗೂ ಸಿಕ್ಕಿಲ್ಲ. ಅವರ ಮಗಳು ಹೇಳಿದ ಗುರುತು ಕೇಳಿ. ಕಂದು ಚರ್ಮ, ಮುರಿದ ಬಕಲ್, ಅದಕ್ಕೆ ಅಪ್ಪನೇ ಸುತ್ತಿದ ಗಡಿಯಾರದ ತಂತಿ."

ಸೂಜಿ ಅವರ ಅಂಗೈಯಲ್ಲಿದ್ದ ಪುಟ್ಟ ಚೀಲವನ್ನೇ ನೋಡಿದ.

"ನಿಮ್ಮ ಅತ್ತಿಗೆಯ ರಿಜಿಸ್ಟರ್ ನೋಡಿದೆ. ಇನ್ನೂರ ಹದಿನಾಲ್ಕು ಅಂದ್ರೆ ಒಂದು ಕಪ್ಪು ಛತ್ರಿ. ಚರ್ಮದ ಚೀಲ ಅನ್ನೋ ಮಾತೇ ಅದರಲ್ಲಿಲ್ಲ. ಯಾರೋ ಛತ್ರಿ ಚೀಟಿ ಕಿತ್ತು ಚೀಲಕ್ಕೆ ಕಟ್ಟಿ, ನೂರು ಚೀಲದ ನಡುವೆ ಇಟ್ಟುಬಿಟ್ರು. ಬಚ್ಚಿಡೋಕೆ ಅದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗತ್ತೆ? ಈಗ ಆ ಕೋಣೇಲಿ ಛತ್ರಿ ಇದೆ, ಚೀಲ ಇಲ್ಲ. ಚೀಲ ಅಲ್ಲಿತ್ತು ಅನ್ನೋದಕ್ಕೆ ಪ್ರಪಂಚದಲ್ಲಿರೋ ಒಂದೇ ಸಾಕ್ಷಿ ನಿಮ್ಮ ಈ ಆಟಿಕೆ."

ಅವರು ಮುಂದಕ್ಕೆ ಬಾಗಿದರು. ದನಿ ಬದಲಾಯಿತು.

"ಈಗ ಹೇಳಿ. ಈ ಚೀಲದ ಯಜಮಾನ ಸತ್ತಿದ್ದಾರೆ ಅಂತ ನಿಮಗೆ ಹೇಳಿದ್ದು ಯಾರು?"

"ಯಾರೂ ಹೇಳಿಲ್ಲ!"

"ಮತ್ತೆ ‘ನಿನ್ನ ಯಜಮಾನ ಎಲ್ಲಿ’ ಅಂತ ಬರೆದಿದ್ದು ಯಾಕೆ? ಎಲ್ಲಾ ಚೀಲ ಬಿಟ್ಟು ಇದನ್ನೇ ಮುಂದೆ ನಿಲ್ಲಿಸಿದ್ದು ಯಾಕೆ?"

"ತಮಾಷೆಗೆ ಮೇಡಂ. ಬಕಲ್ ಮುರಿದಿತ್ತಲ್ಲ... ಬಾಯಿ ಬಿಡು ಅಂದ್ರೆ ಜನ ನಗ್ತಾರೆ ಅಂತ..."

"ತಮಾಷೆಗೆ."

ಆ ಒಂದು ಮಾತನ್ನು ಅವರು ಹೇಳಿದ ರೀತಿಗೆ ಸೂಜಿ ಕುಗ್ಗಿಹೋದ. ಒಂದೂವರೆ ವರ್ಷದಿಂದ ಅದೇ ಮಾತನ್ನು ಅವನು ತನಗೆ ತಾನೇ ಹೇಳಿಕೊಂಡು ಬಂದಿದ್ದ. ತಮಾಷೆಗೆ ತಾನೆ, ಯಾರಿಗೇನು ನಷ್ಟ?

"ಚೀಲ ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ಫೋಟೋ ಬಂತು. ‘ಮುರಿದ ಛತ್ರಿ’ ಅನ್ನೋ ಹೆಸರಲ್ಲಿ ಯಾರೋ ಪೇಜಿಗೆ ಕಳಿಸಿದ್ರು. ಮೂರನೇ ಅರೆಯ ಫೋಟೋ, ಚೀಲ ನಟ್ಟನಡುವೆ. ‘ಇದನ್ನಿಟ್ಟು ಒಂದು ಮಾಡಿ, ಚೆನ್ನಾಗಿರತ್ತೆ’ ಅಂತ ಬರೆದಿದ್ರು. ಡಿಪೋದವರೇ ಯಾರೋ ಇರ್ಬೇಕು, ನನ್ನ ಕೆಲಸ ಮೆಚ್ಚಿದ್ದಾರೆ ಅಂದ್ಕೊಂಡೆ."

"ಖುಷಿ ಆಯ್ತು."

"ಆಯ್ತು ಮೇಡಂ," ಎಂದ ಸೂಜಿ. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

ತನಿಖಾಧಿಕಾರಿ ಭೂತಗನ್ನಡಿಯನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಮಾತಾಡಿದಾಗ ಅವರು ಅವನತ್ತ ನೋಡದೆ ಕುರ್ಚಿಯ ಮೇಲೆ ಕುಳಿತ ಬೊಂಬೆಯನ್ನೇ ನೋಡುತ್ತಿದ್ದರು.

"ನಿಮ್ಮೊಬ್ಬರನ್ನೇ ಕೂರಿಸಿ ಕೇಳೋದು ಸರಿಯಲ್ಲ. ನಂದೂ ಒಂದಿದೆ. ನಿಮ್ಮ ಅತ್ತಿಗೆ ನಮ್ಮ ಠಾಣೆಗೆ ಬಂದಿದ್ರು. ಹನ್ನೆರಡು ದಿನದ ಹಿಂದೆ. ನಿನ್ನೆ ಪುಸ್ತಕ ತಿರುವಿ ಹಾಕುವಾಗ ಗೊತ್ತಾಯ್ತು. ಬಂದ ಕಾರಣ: ಚೀಲದ ವಿಚಾರ. ಒಳಗೆ ಬಂದದ್ದು ಹನ್ನೊಂದು ಹತ್ತಕ್ಕೆ. ಹೊರಗೆ ಹೋದದ್ದು ಹನ್ನೊಂದು ಹದಿಮೂರಕ್ಕೆ."

"ಮೂರೇ ನಿಮಿಷನಾ?"

"ಬಾಗಿಲಲ್ಲಿದ್ದ ಪೇದೆ ಅವರನ್ನ ನೋಡಿದ ಕೂಡಲೇ ‘ಅರೆ, ಬೊಂಬೆಯಮ್ಮ!’ ಅಂದ. ಮೊಬೈಲ್ ತೆಗೆದು ಹಲ್ಲಿನ ಸೆಟ್ಟಿನ ಫೋಟೋ ಎಲ್ಲರಿಗೂ ತೋರಿಸಿದ. ಠಾಣೆಗೆ ಠಾಣೆನೇ ನಕ್ಕಿತು. ಅವರು ಏನೋ ಹೇಳೋಕೆ ಬಾಯಿ ತೆರೆದ್ರಂತೆ. ಯಾರಿಗೂ ಕೇಳಿಸಲಿಲ್ಲ."

"ನೀವು ಅಲ್ಲಿದ್ರಾ?"

"ಒಳಗಿನ ಕೋಣೇಲಿದ್ದೆ. ಗಲಾಟೆ ಕೇಳಿ ಇಣುಕಿದೆ." ತನಿಖಾಧಿಕಾರಿ ತುಟಿ ಕಚ್ಚಿಕೊಂಡರು. "ನಾನೂ ನಕ್ಕೆ."

ಸೂಜಿ ತನ್ನ ಕೈಗಳನ್ನು ನೋಡಿಕೊಂಡ. ಪುಟ್ಟಿ ಮೆತ್ತಿ, ಬಣ್ಣ ಹಚ್ಚಿ, ಸೂಜಿ ಚುಚ್ಚಿ ಒರಟಾದ ಕೈಗಳು. ಅತ್ತಿಗೆ ಸತ್ಯ ಹೊತ್ತುಕೊಂಡು ಆ ಬಾಗಿಲವರೆಗೆ ನಡೆದು ಹೋಗಿದ್ದರು. ಅವರಿಗಿಂತ ಮೊದಲೇ ಅವನು ಮಾಡಿದ ಒಂದಡಿಯ ಅತ್ತಿಗೆ ಅಲ್ಲಿಗೆ ಹೋಗಿ ಕೂತಿದ್ದಳು. ಇನ್ನು ಯಾರು ನಂಬುತ್ತಾರೆ?

"ಆ ಕೋಣೆಗೆ ಎಷ್ಟು ಕೀಲಿ?" ಎಂದು ಅವರು ಮತ್ತೆ ಕೆಲಸಕ್ಕೆ ಇಳಿದರು.

"ಮೂರು. ಒಂದು ಅತ್ತಿಗೆ ಹತ್ರ, ಒಂದು ಮ್ಯಾನೇಜರ್ ಹತ್ರ, ಒಂದು ಟೈಮ್ ಆಫೀಸಲ್ಲಿ, ಗಂಟೆ ಹತ್ರ."

"ನಿಮ್ಮ ಅತ್ತಿಗೆ ಕಾಣೆಯಾದ ಮಾರನೇ ದಿನವೇ ಮ್ಯಾನೇಜರ್ ಆ ಕೋಣೆಗೆ ಸುಣ್ಣ ಹೊಡೆಸೋಕೆ ಹೊರಟಿದ್ರು, ನಾನು ತಡೆದೆ. ಅವರ ಮೇಲೆ ನಿಮಗೆ ಅನುಮಾನ ಇದೆಯಾ?"

"ಅವರು ಕೋಪಿಷ್ಠರು. ಆದ್ರೆ..." ಸೂಜಿ ತಲೆಯಾಡಿಸಿದ. "ಗೊತ್ತಿಲ್ಲ ಮೇಡಂ."

"ಹಾಗಾದ್ರೆ ನಿಮಗೆ ಗೊತ್ತಿರೋದನ್ನೇ ಕೇಳ್ತೀನಿ. ಫೋಟೋ ಬೋರ್ಡಿಗೆ ಬಂದಾಗ ನೀವು ಹಿಂದೆ ನಿಂತು ಎಲ್ಲರ ಮುಖ ನೋಡ್ತಿದ್ರಿ, ಅಲ್ವಾ?"

ಅವನಿಗೆ ಕೆನ್ನೆಗೆ ಹೊಡೆದಂತಾಯಿತು. "ಅದು ನಿಮಗೆ ಹೇಗೆ..."

"ಅದಕ್ಕಲ್ವೇ ಮಾಡೋದು? ಆ ಶುಕ್ರವಾರ ಏನಾಯ್ತು ಹೇಳಿ. ಒಬ್ಬೊಬ್ಬರದೂ."

ಸೂಜಿ ಕಣ್ಣು ಮುಚ್ಚಿಕೊಂಡ. ಆ ಬೆಳಗು ಸ್ಪಷ್ಟವಾಗಿ ನೆನಪಿತ್ತು, ಏಕೆಂದರೆ ಅವನಿಗೆ ನಿರಾಸೆಯಾದ ಬೆಳಗು ಅದು.

"ಕಂಡಕ್ಟರುಗಳು ನಕ್ಕರು. ಒಬ್ಬ ಆ ಸಾಲನ್ನ ಜೋರಾಗಿ ಓದಿದ. ಮ್ಯಾನೇಜರ್ ಬಂದು ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕರು, ಮನೆಗೆ ತೋರಿಸ್ಬೇಕು ಅಂತ ಇನ್ನೊಂದು ಪ್ರಿಂಟ್ ಕೇಳಿದ್ರು."

"ಗಂಟೆ?"

"ಅವರೇ ಪ್ರಿಂಟ್ ತೆಗೆದು ಅಂಟಿಸೋದು ಯಾವಾಗಲೂ. ಆವತ್ತು ಬೇರೆ ಯಾರೋ ಅಂಟಿಸಿದ್ರು. ಗಂಟೆ ಆಮೇಲೆ ಬಂದ್ರು. ಹತ್ತಿರ ಹೋಗಿ ನೋಡಿದ್ರು. ಕನ್ನಡಕ ಹಾಕ್ಕೊಂಡು ಮತ್ತೆ ನೋಡಿದ್ರು."

"ಆಮೇಲೆ?"

"ನಗಲಿಲ್ಲ."

ತನಿಖಾಧಿಕಾರಿಯ ಪೆನ್ನು ನಿಂತಿತು.

"ಕಿತ್ತು ಮಡಿಸಿ ಜೇಬಲ್ಲಿಟ್ಟುಕೊಂಡು ಹೋಗಿಬಿಟ್ರು. ಚೆನ್ನಾಗಿ ಬಂದಿಲ್ಲ ಅಂತ ಕಾಣತ್ತೆ, ಅದಕ್ಕೇ ಅವರಿಗೆ ನಗು ಬರಲಿಲ್ಲ ಅಂದ್ಕೊಂಡೆ. ಇಡೀ ದಿನ ನನಗೆ ಕೆಲಸದಲ್ಲಿ ಮನಸ್ಸೇ ಇರಲಿಲ್ಲ." ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. "ಮೇಡಂ, ಅವರು ಯಾವುದಕ್ಕಾದರೂ ನಗೋ ಮನುಷ್ಯ. ಹೆಣ ನೋಡಿದ್ರೂ ಏನಾದರೊಂದು ತಮಾಷೆ ಮಾಡ್ತಾರೆ."

"ಚೀಲ, ಚೀಟಿಯ ನಂಬರು, ಕೆಳಗೆ ‘ನಿನ್ನ ಯಜಮಾನ ಎಲ್ಲಿ’ ಅನ್ನೋ ಪ್ರಶ್ನೆ," ಎಂದು ತನಿಖಾಧಿಕಾರಿ ನಿಧಾನವಾಗಿ ಹೇಳಿದರು. "ಅವನ ಕಣ್ಣಿಗೆ ಅದು ತಮಾಷೆಯಾಗಿ ಕಂಡಿರಲ್ಲ. ಯಾರೋ ಬೆದರಿಸ್ತಿದ್ದಾರೆ ಅನ್ನಿಸಿರತ್ತೆ. ನ್ಯಾಯಾಧೀಶರ ಕುರ್ಚಿ ಮೇಲೆ ಕೂತವರು ಯಾರು ಅಂತಲೂ ನೋಡಿರ್ತಾನೆ."

"ಅಯ್ಯೋ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಇಬ್ಬರೂ ತಿರುಗಿದರು. ಸೂಜಿಯ ಹೆಂಡತಿ ಒಣಗಿದ್ದ ಕೈಗಳನ್ನೇ ಮತ್ತೆ ಮತ್ತೆ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದಳು.

"ಮೇಡಂ, ‘ಮುರಿದ ಛತ್ರಿ’ ನಾನೇ."

"ಏನು?" ಎಂದ ಸೂಜಿ.

ಅವಳು ಗಂಡನತ್ತ ನೋಡಲಿಲ್ಲ. "ಫೋಟೋ ತೆಗೆದಿದ್ದು ಅಕ್ಕ, ಇವರ ಅತ್ತಿಗೆ. ಚೀಲದೊಳಗೆ ಗಡಿಯಾರದ ಸಾಮಾನು ನೋಡಿ, ಬಸ್ಸಲ್ಲಿ ಸತ್ತವರದ್ದೇ ಅಂತ ಅವರಿಗೆ ಗೊತ್ತಾಗಿತ್ತು. ಠಾಣೆಯಿಂದ ನೇರ ಇಲ್ಲಿಗೇ ಬಂದ್ರು, ಇವರು ಕೆಲಸಕ್ಕೆ ಹೋಗಿದ್ರು. ಅಳಲಿಲ್ಲ. ಸುಮ್ನೆ ಕೂತ್ಕೊಂಡು ನೀರು ಕುಡಿದ್ರು. ‘ನಾನು ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ ಕಣೇ. ಆದ್ರೆ ಆ ಪೇಜಲ್ಲಿ ಬಂದ್ರೆ ಊರೇ ನೋಡತ್ತೆ. ಸತ್ತವರ ಮನೆಯವರಾದ್ರೂ ನೋಡಿ ಗುರುತು ಹಿಡೀತಾರೆ. ಅವನು ಇದ್ದದ್ದನ್ನ ಇದ್ದ ಹಾಗೇ ಮಾಡ್ತಾನೆ, ಒಂದು ಗುಂಡಿ ಬಿಡಲ್ಲ. ನೀನು ಬೇರೆ ಹೆಸರಲ್ಲಿ ಕಳಿಸು’ ಅಂದ್ರು."

"‘ಅವನು’ ಅಂದ್ರಾ?" ಸೂಜಿಯ ದನಿ ಒಡೆಯಿತು. "ಅತ್ತಿಗೆಗೆ ನಾನು ಅಂತ ಗೊತ್ತಿತ್ತಾ?"

"ಅವರ ಬೊಂಬೆಯ ಮೊದಲ ಫೋಟೋ ಬಂದ ದಿನದಿಂದ ಗೊತ್ತು ರೀ. ಸ್ವೆಟರಿನ ಹೆಣಿಗೆ ಅವರದೇ ಅಲ್ವಾ?"

ಸೂಜಿ ಗೋಡೆಗೆ ಒರಗಿ ನೆಲಕ್ಕೆ ಕುಸಿದು ಕೂತ. ಒಂದೂವರೆ ವರ್ಷ. ಪ್ರತಿ ಮಧ್ಯಾಹ್ನ ಲೋಟಕ್ಕೆ ಚಹಾ ಬಗ್ಗಿಸುತ್ತ, ‘ಸಕ್ಕರೆ ಸಾಕೇನಪ್ಪ’ ಎನ್ನುತ್ತ, ಅವನ ಕಣ್ಣು ಕೋಣೆಯ ಮೂಲೆಮೂಲೆ ಸುತ್ತುವುದನ್ನು ಅತ್ತಿಗೆ ನೋಡುತ್ತಿದ್ದರು. ಎಲ್ಲ ಗೊತ್ತಿದ್ದೂ ಕೂರಿಸಿಕೊಳ್ಳುತ್ತಿದ್ದರು.

"ಯಾಕೆ ನನ್ನ ಒಂದು ಮಾತು ಕೇಳಲಿಲ್ಲ?"

"ನಾನೂ ಕೇಳಿದೆ. ‘ಅವನಾಗೇ ಬಂದು ಹೇಳಲಿ, ನಾಚಿಕೆ ಆದ ದಿನ ಹೇಳ್ತಾನೆ’ ಅಂದ್ರು."

ತನಿಖಾಧಿಕಾರಿ ಎದ್ದು ಅವಳ ಬಳಿ ಹೋದರು. "ನೋಡಿ ತಂಗಿ, ಅವರು ಈಗ ಎಲ್ಲಿದ್ದಾರೆ ಅಂತಲೂ ನಿಮಗೆ ಗೊತ್ತು. ಐದು ದಿನದಲ್ಲಿ ಮೂರು ಸಲ ಈ ಮನೆಗೆ ಬಂದೆ. ಇವರು ಊಟ ಬಿಟ್ಟು ಕೂತಿದ್ರು. ನೀವು ಬಟ್ಟೆ ಮಡಿಸ್ತಿದ್ರಿ."

ಹೆಂಡತಿ ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು. "ಆಣೆ ಹಾಕಿಸ್ಕೊಂಡಿದ್ರು ಮೇಡಂ. ಚೀಲ ಮಾಯ ಆಯ್ತು, ಆಮೇಲೆ ಅವರ ಮನೆ ಬಾಗಿಲನ್ನ ಯಾರೋ ಮೀಟಿದ್ರು. ಹೆದರಿಕೆ ಆಗಿ ಒಂದು ಕಡೆ ಹೋಗಿ ಇದ್ದಾರೆ. ಯಾರಿಗೂ ಹೇಳಬೇಡ, ಇವರಿಗೂ ಹೇಳಬೇಡ ಅಂದಿದ್ರು."

"ನನಗೂ ಯಾಕೆ?" ಎಂದ ಸೂಜಿ ನೆಲದ ಮೇಲಿಂದಲೇ.

ಅವಳು ಆಗ ಮೊದಲ ಸಲ ಅವನತ್ತ ತಿರುಗಿದಳು.

"‘ಡಿಪೋದಲ್ಲಿ ನಾಲ್ಕು ಜನರನ್ನ ನಗಿಸೋಕೆ ಅವನು ಅದನ್ನೂ ಹೇಳಿಬಿಟ್ಟಾನು’ ಅಂದ್ರು."

ಸೂಜಿ ಮುಖ ಮುಚ್ಚಿಕೊಂಡ.

"ಫೋನ್ ಮಾಡ್ತಾರಾ?" ಎಂದು ಕೇಳಿದರು ತನಿಖಾಧಿಕಾರಿ.

"ದಿನಾ ಹನ್ನೊಂದು ಗಂಟೆಗೆ. ಇವರು ಮನೇಲಿರಲ್ಲ ಅಂತ ಆ ಹೊತ್ತು."

"ಇವತ್ತು?"

"ಇಲ್ಲ. ಭಾನುವಾರ, ಇವರು ಮನೇಲಿದ್ದಾರೆ ಅಂತ ಮಾಡಿಲ್ಲ ಅಂದ್ಕೊಂಡೆ."

"ನಿನ್ನೆ?"

"ನಿನ್ನೆನೂ ಬರಲಿಲ್ಲ. ನಾನೇ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತುಹೋಯ್ತು."

ತನಿಖಾಧಿಕಾರಿ ಆಗಲೇ ಚಪ್ಪಲಿಯಲ್ಲಿ ಕಾಲು ತೂರಿಸುತ್ತಿದ್ದರು. "ಎಲ್ಲಿದ್ದಾರೆ? ಬೇಗ ಹೇಳಿ, ಯಾರ ಮನೇಲಿ?"

"ಆ ಫೋಟೋ ಬಂದ ಮಾರನೇ ದಿನ ಒಬ್ಬರು ಅಕ್ಕನ ಕೋಣೆಗೆ ಬಂದು ಕೈ ಮುಗಿದು ಕ್ಷಮೆ ಕೇಳಿದ್ರಂತೆ. ‘ಇಷ್ಟು ದಿನ ನಿಮ್ಮನ್ನ ನೋಡಿ ನಕ್ಕೆವು, ತಪ್ಪಾಯ್ತು, ಏನೇ ಕಷ್ಟ ಇದ್ರೂ ನನ್ನ ಹತ್ರ ಹೇಳಿ’ ಅಂದ್ರಂತೆ. ಇಡೀ ಡಿಪೋದಲ್ಲಿ ಹಾಗೆ ಬಂದು ಕೇಳಿದವರು ಅವರೊಬ್ಬರೇ. ಅಕ್ಕ ಅವರಿಗೆ ಎಲ್ಲಾ ಹೇಳಿದ್ರು. ಫೋಟೋ ತೆಗೆದಿದ್ದು, ಕಳಿಸಿದ್ದು, ಎಲ್ಲಾ. ‘ನಮ್ಮ ಮಹಡಿ ಮೇಲಿನ ಕೋಣೆ ಖಾಲಿ ಇದೆ, ಅಲ್ಲಿದ್ರೆ ಯಾರಿಗೂ ಗೊತ್ತಾಗಲ್ಲ’ ಅಂತ ಮಂಗಳವಾರ ಸಂಜೆ ಅವರೇ ಕರ್ಕೊಂಡು ಹೋದ್ರು."

"ಯಾರು?" ಎಂದ ಸೂಜಿ. ಅವನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ಅವಳ ಬಾಯಿಂದ ಬೇರೆ ಯಾವ ಹೆಸರಾದರೂ ಬರಲಿ ಎಂದು ಕಾದ.

"ಗಂಟೆಯವರು," ಎಂದಳು ಹೆಂಡತಿ. "ಆ ಫೋಟೋ ನೋಡಿ ನಗದೇ ಇದ್ದವರು ಅವರೊಬ್ಬರೇ, ಅವರನ್ನ ನಂಬಬಹುದು ಅಂದ್ರು ಅಕ್ಕ."